ಲ್ಯಾಪ್‌ಟಾಪ್‌ನಿಂದ ಎಡ್ಜ್ ಕಿತ್ತು ಹಾಕಿಸುವ ಮುಂಚೆ ಇದನ್ನು ಓದಿ

ಲ್ಯಾಪ್‌ಟಾಪ್ ನಿಧಾನವಾಗಿದೆ ಅಂತ ರಿಪೇರಿಗೆ ಕೊಡುವಾಗ ಮೊದಲೇ ಹೇಳಿಬಿಡಿ: ವಿಂಡೋಸ್ ಜೊತೆಗೇ ಬರುವ ಎಡ್ಜ್ ಬ್ರೌಸರ್ ಮುಟ್ಟಬೇಡಿ, ನನ್ನನ್ನು ಕೇಳದೆ ಯಾವ ಸ್ಕ್ರಿಪ್ಟನ್ನೂ (ಕಂಪ್ಯೂಟರ್ ಸಾಲಾಗಿ ಪಾಲಿಸುವ ಆದೇಶಗಳ ಪಟ್ಟಿ) ಓಡಿಸಬೇಡಿ. ನನ್ನ ತಂಗಿಗೆ ಆದದ್ದು ಇನ್ನೊಬ್ಬರಿಗೆ ಆಗದಿರಲಿ ಅಂತ ಬರೆಯುತ್ತಿದ್ದೇನೆ.

ಅವಳಿರುವುದು ಹಾಸನದಲ್ಲಿ. ಬೆಂಗಳೂರಿನ ಕಂಪನಿಯೊಂದರ ಲೆಕ್ಕಪತ್ರವನ್ನು ಮನೆಯಿಂದಲೇ ನೋಡಿಕೊಳ್ಳುತ್ತಾಳೆ. ವಿಂಡೋಸ್ 11 ಲ್ಯಾಪ್‌ಟಾಪ್ ತುಂಬಾ ಎಳೆದಾಡುತ್ತಿತ್ತು. ಹತ್ತಿರದ ಅಂಗಡಿಗೆ ಕೊಟ್ಟಳು. ಸಂಜೆ ವಾಪಸ್ ಕೊಡುವಾಗ ಅಲ್ಲಿನ ಹುಡುಗ, "ಬೇಡದ್ದೆಲ್ಲ ತೆಗೆದುಹಾಕಿದೀನಿ ಮೇಡಂ, ಕ್ರೋಮ್ ಹಾಕಿದೀನಿ, ಈಗ ನೋಡಿ ಹೆಂಗೆ ಓಡುತ್ತೆ" ಅಂದನಂತೆ. ಓಡುವುದೇನೋ ಓಡಿತು. ಮಾರನೇ ಬೆಳಿಗ್ಗೆ ಅವಳಿಂದ ಫೋನ್: "ಅಣ್ಣಾ, ಔಟ್‌ಲುಕ್ ತೆರೀತಾನೇ ಇಲ್ಲ. ಟೀಮ್ಸೂ ಬರ್ತಿಲ್ಲ. ಹತ್ತು ಗಂಟೆಗೆ ಮೀಟಿಂಗ್ ಇದೆ." ಪಿಡಿಎಫ್ ಮೇಲೆ ಕ್ಲಿಕ್ ಮಾಡಿದರೆ ಯಾವುದರಲ್ಲಿ ತೆರೆಯಲಿ ಅಂತ ಕೇಳುತ್ತಿತ್ತು. ಅಂಗಡಿಗೆ ಕೇಳಿದರೆ, ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಬೇಕು, ಅದಕ್ಕೆ ಬೇರೆ ದುಡ್ಡು ಅಂದರು. ಕೆಡಿಸಿದವರೇ ಸರಿಮಾಡಲು ದುಡ್ಡು ಕೇಳುವುದು ಅನ್ಯಾಯ, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಆಗಿದ್ದೇನು ಅಂತ ಆ ಶನಿವಾರ ಕೂತು ನೋಡಿದೆ. ಸಿ ಡ್ರೈವ್‌ನಲ್ಲಿ ಪ್ರೋಗ್ರಾಂ ಫೈಲ್ಸ್ ಎಕ್ಸ್86 ಫೋಲ್ಡರಿನ ಒಳಗೆ ಮೈಕ್ರೋಸಾಫ್ಟ್ ಅಂತ ಒಂದು ಫೋಲ್ಡರ್ ಇರುತ್ತದೆ. ಅದನ್ನು ತೆರೆದರೆ ಎಡ್ಜ್, ಎಡ್ಜ್‌ವೆಬ್‌ವ್ಯೂ, ಎಡ್ಜ್‌ಅಪ್‌ಡೇಟ್ ಅಂತ ಅಕ್ಕಪಕ್ಕ ಕಾಣುತ್ತವೆ. ಮೊದಲನೆಯದು ಮಾತ್ರ ನಾವು ನೋಡುವ ಬ್ರೌಸರ್. ಎರಡನೆಯದು ವೆಬ್‌ವ್ಯೂ2, ಇದು ಬೇರೆ ಆ್ಯಪ್‌ಗಳು ತಮ್ಮ ಕಿಟಕಿಯೊಳಗೆ ವೆಬ್ ಪುಟ ತೋರಿಸಲು ಬಳಸುವ ಯಂತ್ರ. ಹೊಸ ಔಟ್‌ಲುಕ್, ಹೊಸ ಟೀಮ್ಸ್, ಟಾಸ್ಕ್‌ಬಾರಿನ ವಿಜೆಟ್‌ಗಳು ಎಲ್ಲವೂ ಇದರ ಮೇಲೇ ನಿಂತಿವೆ. ಮೂರನೆಯದು ಈ ಎರಡಕ್ಕೂ ಭದ್ರತಾ ಅಪ್‌ಡೇಟ್ ತಂದು ಹಾಕುವುದು. ಬರೀ ಬ್ರೌಸರ್ ಹೋಗಿದ್ದರೆ ಟೀಮ್ಸ್ ಬದುಕಿಕೊಳ್ಳುತ್ತಿತ್ತು. ಆದರೆ ಇಂಟರ್ನೆಟ್ಟಿನಲ್ಲಿ ಸಿಗುವ ಎಷ್ಟೋ 'ಡಿಬ್ಲೋಟ್' ಸ್ಕ್ರಿಪ್ಟುಗಳು, ಅಂದರೆ ವಿಂಡೋಸ್ ಜೊತೆ ಬಂದ ಬೇಡದ್ದನ್ನು ತೆಗೆಯುವಂಥವು, ಎಡ್ಜ್ ಅನ್ನುವ ಹೆಸರು ಕಂಡಲ್ಲೆಲ್ಲ ಅಳಿಸುತ್ತಾ ಹೋಗುತ್ತವೆ. ಇಲ್ಲಿ ಮೂರೂ ಖಾಲಿ.

ಅದಕ್ಕಿಂತ ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. ಬಳಕೆದಾರರ ಫೋಲ್ಡರಿನಲ್ಲಿ ಆಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ಎಡ್ಜ್ ಅಂತ ಇಳಿಯುತ್ತಾ ಹೋದರೆ ಯೂಸರ್ ಡೇಟಾ ಸಿಗಬೇಕು. ಸೇವ್ ಮಾಡಿದ ಪಾಸ್‌ವರ್ಡ್, ಫೇವರಿಟ್ಸ್, ಹಿಸ್ಟರಿ ಎಲ್ಲ ಇರುವುದು ಅಲ್ಲೇ. ಆ ಫೋಲ್ಡರೇ ಇರಲಿಲ್ಲ. ತಂಗಿ ವರ್ಷಗಟ್ಟಲೆ ಸೇರಿಸಿಟ್ಟ ಲಾಗಿನ್‌ಗಳು ಅದರೊಂದಿಗೆ ಹೋದವು. ಇವೆಲ್ಲದರ ಪ್ರತಿಯನ್ನು ಖಾತೆಯಲ್ಲಿ ಇಡುವ ಸಿಂಕ್ ಆನ್ ಇದ್ದಿದ್ದರೆ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆದ ಕೂಡಲೇ ವಾಪಸ್ ಬರುತ್ತಿದ್ದವು, ಅವಳದ್ದು ಆನ್ ಇರಲಿಲ್ಲ. ಗಿರಾಕಿಯ ಲ್ಯಾಪ್‌ಟಾಪ್ ಕೈಗೆ ಬಂದಾಗ "ಇದರಲ್ಲಿ ಪಾಸ್‌ವರ್ಡ್ ಏನಾದರೂ ಇದೆಯಾ" ಅಂತ ಒಂದು ಮಾತು ಕೇಳುವುದು ಯಾವ ಅಂಗಡಿಗೂ ಕಷ್ಟದ ಕೆಲಸವಲ್ಲ.

ಇಂಥ ಸ್ಕ್ರಿಪ್ಟುಗಳಿಗೆ ಜನ ಕೈಹಾಕಲು ಕಾರಣವೂ ಇದೆ. ನಮ್ಮಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಎಡ್ಜ್ ತೆಗೆಯೋಣವೆಂದರೆ ಅನ್‌ಇನ್‌ಸ್ಟಾಲ್ ಬಟನ್ ಮಂಕಾಗಿರುತ್ತದೆ, ಒತ್ತಲು ಬರುವುದಿಲ್ಲ. ಯುರೋಪಿನಲ್ಲಿ ಹಾಗಿಲ್ಲ. ಅಲ್ಲಿನ ಡಿಜಿಟಲ್ ಮಾರ್ಕೆಟ್ಸ್ ಆಕ್ಟ್ ಅನ್ನುವ ಕಾನೂನು 2024ರ ಮಾರ್ಚ್‌ನಿಂದ ದೊಡ್ಡ ಕಂಪನಿಗಳಿಗೆ ಪೂರ್ತಿ ಅನ್ವಯವಾಯಿತು, ಅದಕ್ಕೆ ತಕ್ಕಂತೆ ಮೈಕ್ರೋಸಾಫ್ಟ್ ಅಲ್ಲಿಯವರಿಗೆ ಎಡ್ಜ್ ತೆಗೆಯುವ ದಾರಿ ಮಾಡಿಕೊಟ್ಟಿತು. ಈ ಜಗಳ ಹಳೆಯದು. 1998ರಲ್ಲಿ ಅಮೆರಿಕ ಸರ್ಕಾರ ಮೈಕ್ರೋಸಾಫ್ಟ್ ಮೇಲೆ ಮೊಕದ್ದಮೆ ಹೂಡಿದಾಗ, ತನ್ನ ಆಗಿನ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ ವಿಂಡೋಸ್‌ನ ಅಂಗವೇ, ಬೇರ್ಪಡಿಸಲಾಗದು ಅಂತ ಕಂಪನಿ ವಾದಿಸಿತ್ತು. ದುಡ್ಡು ಕೊಟ್ಟು ಕೊಂಡ ಯಂತ್ರದಲ್ಲಿ ಏನಿರಬೇಕು ಅಂತ ಕೊಂಡವರು ತೀರ್ಮಾನಿಸಬೇಕು, ಭಾರತದಲ್ಲೂ ಆ ಬಟನ್ ಒತ್ತಲು ಬರಬೇಕು ಅನ್ನುವುದೇ ನನ್ನ ಅಭಿಪ್ರಾಯ. ಆದರೆ ಕಂಪನಿ ಕೊಟ್ಟ ಬಟನ್ ಒತ್ತುವುದು ಬೇರೆ, ಯಾರೋ ಬರೆದ ಒಂದು ಸಾಲನ್ನು, ವಿಂಡೋಸ್‌ಗೆ ಆದೇಶ ಟೈಪ್ ಮಾಡುವ ಕಿಟಕಿಯಾದ ಅಡ್ಮಿನಿಸ್ಟ್ರೇಟರ್ ಪವರ್‌ಶೆಲ್‌ಗೆ ಪೇಸ್ಟ್ ಮಾಡುವುದು ಬೇರೆ. ಆ ಒಂದು ಸಾಲು ಇಂಟರ್ನೆಟ್ಟಿನಿಂದ ನೂರಾರು ಸಾಲು ಎಳೆದುಕೊಂಡು ಓಡಿಸಬಲ್ಲದು, ಓಡಿಸಿದವನಿಗೂ ಒಳಗೇನಿದೆ ಅಂತ ಗೊತ್ತಿರುವುದಿಲ್ಲ.

ಕಚೇರಿಯಲ್ಲಿ ಹಳೆಯ ವೆಬ್‌ಸೈಟ್ ಬಳಸುವವರು ಇನ್ನೂ ಜೋಪಾನವಾಗಿರಬೇಕು. ಇಂಟರ್ನೆಟ್ ಎಕ್ಸ್‌ಪ್ಲೋರರ್ 11 ಅನ್ನು ವಿಂಡೋಸ್ 10ರಲ್ಲಿ 2022ರ ಜೂನ್ 15ಕ್ಕೆ ನಿಲ್ಲಿಸಿದರು. ಅದರಲ್ಲಷ್ಟೇ ತೆರೆಯುವ ಸೈಟುಗಳಿಗೆ ಈಗ ಉಳಿದಿರುವ ದಾರಿ ಎಡ್ಜ್‌ನ ಐಇ ಮೋಡ್, ಅಂದರೆ ಎಡ್ಜ್ ಒಳಗೇ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಂತೆ ಸೈಟ್ ತೆರೆಯುವ ವ್ಯವಸ್ಥೆ. ಕನಿಷ್ಠ 2029ರವರೆಗೆ ಅದಕ್ಕೆ ಬೆಂಬಲ ಇರುತ್ತದೆ ಅಂತ ಮೈಕ್ರೋಸಾಫ್ಟ್ ಹೇಳಿದೆ. ಎಡ್ಜ್ ಹೋದರೆ ಆ ದಾರಿಯೂ ಮುಚ್ಚಿತು.

ಎಡ್ಜ್ ಬೇಡ ಅನ್ನುವವರಿಗೆ ಅದನ್ನು ಮೂಲೆಗೆ ತಳ್ಳುವ ನೇರ ದಾರಿಗಳಿವೆ. ಸೆಟ್ಟಿಂಗ್ಸ್‌ನ ಆ್ಯಪ್ಸ್ ಒಳಗೆ ಡೀಫಾಲ್ಟ್ ಆ್ಯಪ್ಸ್ ತೆರೆದು ಕ್ರೋಮ್ ಅಥವಾ ಫೈರ್‌ಫಾಕ್ಸ್ ಆರಿಸಿ. ಪಿಡಿಎಫ್‌ಗೆ ಬೇರೆಯಾಗಿ ಬದಲಿಸಬೇಕು, ಇದು ಬಹಳ ಜನರಿಗೆ ತಪ್ಪಿಹೋಗುತ್ತದೆ. ಎಡ್ಜ್‌ನ ಸೆಟ್ಟಿಂಗ್ಸ್‌ನಲ್ಲೇ ಸ್ಟಾರ್ಟ್‌ಅಪ್ ಬೂಸ್ಟ್ (ಬೇಗ ತೆರೆಯಲೆಂದು ಎಡ್ಜ್ ಮೊದಲೇ ಹಿಂದೆ ಶುರುವಾಗಿರುವುದು) ಮತ್ತು ಮುಚ್ಚಿದ ಮೇಲೂ ಹಿಂದೆ ಓಡುವ ಆಯ್ಕೆಯನ್ನು ಆಫ್ ಮಾಡಿ, ಟಾಸ್ಕ್‌ಬಾರಿನಿಂದ ಐಕಾನ್ ತೆಗೆಯಿರಿ. ಆಮೇಲೆ ಅದು ಡಿಸ್ಕಿನ ಒಂದು ಮೂಲೆಯಲ್ಲಿ ಬಿದ್ದಿರುತ್ತದೆ. ವಿಜೆಟ್‌ಗಳಿಂದಲೋ ಸ್ಟಾರ್ಟ್ ಮೆನುವಿನ ಹುಡುಕಾಟದಿಂದಲೋ ತೆರೆಯುವ ಲಿಂಕುಗಳು ಮಾತ್ರ ನಮ್ಮ ದೇಶದಲ್ಲಿ ಇನ್ನೂ ಎಡ್ಜ್‌ಗೇ ಹೋಗುತ್ತವೆ. ಕಿರಿಕಿರಿ ಹೌದು, ಆದರೆ ಸಹಿಸಿಕೊಳ್ಳಬಹುದು. ಲ್ಯಾಪ್‌ಟಾಪ್ ಅಂಗಡಿಗೆ ಕೊಡುವ ಮುಂಚೆ ಯಾವ ಬ್ರೌಸರ್ ಬಳಸುತ್ತೀರೋ ಅದರ ಪಾಸ್‌ವರ್ಡ್ ಮತ್ತು ಬುಕ್‌ಮಾರ್ಕ್ ಎಕ್ಸ್‌ಪೋರ್ಟ್ ಮಾಡಿಕೊಂಡು ಪೆನ್‌ಡ್ರೈವಿನಲ್ಲಿಟ್ಟುಕೊಳ್ಳಿ. ಆ ಪಾಸ್‌ವರ್ಡ್ ಫೈಲ್ ಯಾರು ತೆರೆದರೂ ಓದಬಹುದಾದದ್ದು. ಲ್ಯಾಪ್‌ಟಾಪ್‌ನಲ್ಲಿ ಅದರ ಪ್ರತಿ ಬಿಡಬೇಡಿ, ಕೆಲಸ ಮುಗಿದ ಮೇಲೆ ಪೆನ್‌ಡ್ರೈವಿನಿಂದಲೂ ಅಳಿಸಿ.

ಈಗಾಗಲೇ ಯಾರಾದರೂ ಕಿತ್ತುಹಾಕಿದ್ದರೆ ಫಾರ್ಮ್ಯಾಟ್ ಮಾಡಿಸಲು ಓಡಬೇಡಿ. ಮೈಕ್ರೋಸಾಫ್ಟ್ ಸೈಟಿನಿಂದ ಎಡ್ಜ್ ಇನ್‌ಸ್ಟಾಲರ್ ಮತ್ತು ವೆಬ್‌ವ್ಯೂ2ನ ಆಫ್‌ಲೈನ್ ಇನ್‌ಸ್ಟಾಲರ್ ಎರಡನ್ನೂ ಇಳಿಸಿಕೊಳ್ಳಿ, ಬ್ರೌಸರೇ ಇಲ್ಲದಿದ್ದರೆ ಇನ್ನೊಂದು ಕಂಪ್ಯೂಟರಿನಲ್ಲಿ. ತಂಗಿಯ ಲ್ಯಾಪ್‌ಟಾಪ್‌ನಲ್ಲಿ ಎಡ್ಜ್ ತಕರಾರಿಲ್ಲದೆ ಕೂತಿತು. ವೆಬ್‌ವ್ಯೂ2 ಮಾತ್ರ ಈಗಾಗಲೇ ಇನ್‌ಸ್ಟಾಲ್ ಆಗಿದೆ ಅಂತ ಹಟ ಹಿಡಿಯಿತು. ಫೈಲುಗಳು ಹೋಗಿದ್ದರೂ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಕಡತ) ಎಡ್ಜ್‌ಅಪ್‌ಡೇಟ್‌ನ ಕೆಳಗೆ ಹಳೆಯ ನಮೂದು ಹಾಗೇ ಉಳಿದಿತ್ತು. ಅದನ್ನು ಬ್ಯಾಕಪ್ ಮಾಡಿಕೊಂಡು ಅಳಿಸಿದ ಮೇಲೆ ಇನ್‌ಸ್ಟಾಲ್ ಆಯಿತು, ಟೀಮ್ಸ್ ತೆರೆಯಿತು. ರಿಜಿಸ್ಟ್ರಿ ಮುಟ್ಟಲು ಅಂಜಿಕೆಯಿದ್ದರೆ ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ರಿಕವರಿ ಅಂತ ಹೋಗಿ ವಿಂಡೋಸ್ ಅಪ್‌ಡೇಟ್ ಮೂಲಕ ರೀಇನ್‌ಸ್ಟಾಲ್ ಮಾಡುವ ಆಯ್ಕೆ ನೋಡಿ. ನಿಮ್ಮ ಫೈಲು, ಆ್ಯಪ್, ಸೆಟ್ಟಿಂಗ್ ಉಳಿಸಿಕೊಂಡೇ ಅದು ವಿಂಡೋಸ್ ಮತ್ತೆ ಹಾಕುತ್ತದೆ. ಸಮಯ ಹಿಡಿಯುತ್ತದೆ, ಚಾರ್ಜರ್ ಹಾಕಿಕೊಂಡೇ ಶುರು ಮಾಡಿ.