ಮಾರಿದ ಹಾರ್ಟ್‌ಕಿ, ಬಾಡಿಗೆಯ ಮಾರ್ಕ್‌ಬೇಸ್, ಗೆಳೆಯನ ರಂಬಲ್

ಶ್ರಾವಣದ ಒಂದು ರಾತ್ರಿ ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಮೊಬೈಲಿಗೆ ಒಂದು ಚಿತ್ರ ಬಂತು. ಕಪ್ಪು ಬಣ್ಣದ ಆಂಪ್ ಹೆಡ್ (ಸ್ಪೀಕರ್ ಇಲ್ಲದ ಆಂಪ್ಲಿಫೈಯರ್), ಮುಖದ ತುಂಬ ಗುಂಡಿಗಳು, ಸಾಲಾಗಿ ಹತ್ತು ಸ್ಲೈಡರ್‌ಗಳು. ಎರಡನೆಯ ಸ್ಲೈಡರಿನ ಬುಡದಲ್ಲಿ ಕೆಂಪು ಕಲೆ. ಕೆಳಗೆ ಎರಡು ಸಾಲು: "ಅಣ್ಣ, ಇದನ್ನು ಮಾರುತ್ತಿದ್ದೇನೆ. ಹೊರಗಿನವರಿಗೆ ಹೇಳುವ ಮೊದಲು ನಿಮ್ಮನ್ನೊಂದು ಮಾತು ಕೇಳೋಣ ಎನ್ನಿಸಿತು."

ಆ ಕಲೆ ಕುಂಕುಮದ್ದು. ಒಂದು ಆಯುಧಪೂಜೆಯ ದಿನ ಅಮ್ಮ ಸ್ಕೂಟರಿಗೆ, ಮಿಕ್ಸಿಗೆ, ಹೊಲಿಗೆ ಯಂತ್ರಕ್ಕೆ ಇಟ್ಟು, ಉಳಿದದ್ದನ್ನು ಧಾರಾಳವಾಗಿ ನನ್ನ ಬೇಸ್ ಗಿಟಾರಿನ ಆಂಪಿಗೆ ಇಟ್ಟಿದ್ದರು. ಸಂದಿಗೆ ಇಳಿದ ಕುಂಕುಮ ಮತ್ತೆ ಹೊರಗೆ ಬರಲಿಲ್ಲ. 64 ಹರ್ಟ್ಸ್‌ನ, ಅಂದರೆ ತಗ್ಗು ಸ್ವರಗಳನ್ನು ಏರಿಸಿ ಇಳಿಸುವ, ಆ ಸ್ಲೈಡರನ್ನು ಅಂದಿನಿಂದ ಜರುಗಿಸಿದಾಗಲೆಲ್ಲ ಕರಕರ ಎನ್ನುತ್ತಿತ್ತು. ನಾಲ್ಕು ವರ್ಷದ ಹಿಂದೆ ಅದನ್ನು ಮಾರಿದಾಗ ಕೊಂಡ ಹುಡುಗನಿಗೆ ಈ ದೋಷವನ್ನು ಮುಚ್ಚಿಡದೆ ಹೇಳಿದ್ದೆ. ಅವನು ಸ್ಲೈಡರನ್ನು ಎರಡು ಸಲ ಮೇಲೆ ಕೆಳಗೆ ಮಾಡಿ ನೋಡಿ, ನಕ್ಕು, ಹಣ ಎಣಿಸಿದ್ದ.

ಹಾರ್ಟ್‌ಕಿ ಎಚ್‌ಎ 3500 ಹೆಡ್, ಅದರ ಕೆಳಗೆ ಹತ್ತಿಂಚಿನ ನಾಲ್ಕು ಅಲ್ಯೂಮಿನಿಯಂ ಕೋನ್‌ಗಳಿರುವ (ಸ್ಪೀಕರಿನಲ್ಲಿ ಅದುರಿ ಗಾಳಿ ತಳ್ಳುವ ಭಾಗವೇ ಕೋನ್) ಕ್ಯಾಬಿನೆಟ್, ಅಂದರೆ ಸ್ಪೀಕರ್ ಪೆಟ್ಟಿಗೆ. ಹೆಡ್ ಪರವಾಗಿಲ್ಲ, ಒಬ್ಬನೇ ಎತ್ತಬಹುದು. ಕ್ಯಾಬಿನೆಟ್ ಮಾತ್ರ ನಲವತ್ತು ಕಿಲೋಗೆ ಹತ್ತಿರ, ಇಬ್ಬರಿಲ್ಲದೆ ಮೆಟ್ಟಿಲು ಹತ್ತುವುದಿಲ್ಲ. ಆಗಷ್ಟೇ ಬೆಂಗಳೂರಿನಲ್ಲಿ ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಮನೆ ಬದಲಾಯಿಸಿದ್ದೆ. ಕೋವಿಡ್ ಕಾಲ, ಕಾರ್ಯಕ್ರಮಗಳೂ ಇರಲಿಲ್ಲ. 35,000 ರೂಪಾಯಿಗೆ ತುಮಕೂರಿನ ಆರ್ಕೆಸ್ಟ್ರಾ ಹುಡುಗನಿಗೆ ಕೊಟ್ಟು ಕೈ ತೊಳೆದುಕೊಂಡೆ. ಕೈಯೇನೋ ತೊಳೆದೆ, ಬಾಯಿ ಸುಮ್ಮನಿರಲಿಲ್ಲ. ಆಮೇಲೆ ನುಡಿಸಿದ ಪ್ರತಿ ಕಾರ್ಯಕ್ರಮದ ಕೊನೆಗೂ "ಆ ಆಂಪ್ ಇದ್ದಿದ್ದರೆ" ಎಂದು ಗೊಣಗಿದ್ದೇನೆ. ಈಗ ಅದೇ ಆಂಪ್ ಅದೇ ಬೆಲೆಗೆ ಬಾಗಿಲು ತಟ್ಟುತ್ತಿತ್ತು.

ಕೊಳ್ಳುವ ಮೊದಲು ಒಂದು ಪರೀಕ್ಷೆ ಆಗಲಿ ಎಂದುಕೊಂಡೆ. ನೆನಪಿನಲ್ಲಿರುವ ಆಂಪು ಎಂದೂ ಗುಂಯ್‌ಗುಡುವುದಿಲ್ಲ, ಅದರ ಫ್ಯಾನ್ ಸದ್ದು ಮಾಡುವುದಿಲ್ಲ, ಅದನ್ನು ಎತ್ತಿದವನ ಸೊಂಟ ಹಿಡಿಯುವುದಿಲ್ಲ. ಹಾಗಾಗಿ ಎರಡು ತಿಂಗಳಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಒಂದೇ ನಾಲ್ಕು ತಂತಿಯ ಬೇಸ್, ಒಂದೇ ಕೇಬಲ್, ಒಬ್ಬನೇ ಡ್ರಮ್ಮರ್ ಇಟ್ಟುಕೊಂಡು ನುಡಿಸಿ ನೋಡಿದೆ. ಅದರ ವರದಿ ಇದು.

ಮೊದಲು ಮನೆಯಲ್ಲೇ ಇದ್ದದ್ದು. ಆಂಪ್ ಮಾರಿದ ಹಣದಲ್ಲಿ ಕೊಂಡ ಟೆಕ್ 21 ಕಂಪನಿಯ ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್ ಪೆಡಲ್. ಟಿಫಿನ್ ಡಬ್ಬಿಗಿಂತ ಚಿಕ್ಕದು. ಬೇಸನ್ನು ಇದಕ್ಕೆ ಚುಚ್ಚಿ, ಇದರಿಂದ ನೇರವಾಗಿ ಮಿಕ್ಸರಿಗೆ ಕೊಟ್ಟರೆ ನಿರ್ವಾತ ನಳಿಕೆಯ (ಟ್ಯೂಬ್) ಆಂಪಿನ ಗುಣವನ್ನು ಅನುಕರಿಸಿ ಕಳಿಸುತ್ತದೆ. ಬ್ಯಾಟರಿ ಹೋದರೂ ಕೇಬಲ್ ಮೂಲಕವೇ ಬರುವ ಮಿಕ್ಸರಿನ ಫ್ಯಾಂಟಮ್ ವಿದ್ಯುತ್ತಿನಿಂದಲೇ ನಡೆಯುತ್ತದೆ. ಸಭಿಕರ ಕಡೆ ಕುಳಿತು ಕೇಳಿದರೆ ಇದರಲ್ಲಿ ಹೆಸರಿಡಲು ಏನೂ ಇಲ್ಲ. ವೇದಿಕೆಯ ಮೇಲೆ ನಿಂತವನ ಪಾಡು ಬೇರೆ. ನನಗೆ ನಾನೇ ಕೇಳಿಸಬೇಕಾದರೆ ಮಾನಿಟರ್ ಸ್ಪೀಕರ್ ಬೇಕು, ಮಾನಿಟರಿನಲ್ಲಿ ಗಾಯಕರ ಧ್ವನಿಯದ್ದೇ ರಾಜ್ಯ, ಸೌಂಡ್‌ನವರಿಗೆ ಕೈ ಬೀಸಿ ಬೀಸಿ ಮೂರನೇ ಹಾಡಿನ ಹೊತ್ತಿಗೆ ನಾನೇ ಸುಮ್ಮನಾಗುತ್ತೇನೆ. ಯಾರಿಗೋ ಪತ್ರ ಬರೆದುಕೊಟ್ಟ ಹಾಗೆ, ಉತ್ತರ ನನಗೆ ಬರುವುದಿಲ್ಲ.

ಮಾರ್ಕ್‌ಬೇಸ್ ಸಿಎಂಡಿ 121ಪಿ ಸಿಕ್ಕಿದ್ದು ಗಣೇಶೋತ್ಸವದ ಎರಡು ಕಾರ್ಯಕ್ರಮಗಳಿಗೆ, ಬಾಡಿಗೆಗೆ. ಇಟಲಿಯವರದು. ಹಳದಿ ಕೋನಿನ ಹನ್ನೆರಡಿಂಚಿನ ಒಂದೇ ಸ್ಪೀಕರ್, ಜೊತೆಗೆ ಏರು ಸ್ವರಗಳಿಗೊಂದು ಟ್ವೀಟರ್, 300 ವಾಟ್. ತೂಕ ಹದಿಮೂರೂವರೆ ಕಿಲೋ ಇರಬಹುದು. ಒಂದು ಕೈಯಲ್ಲಿ ಆಂಪ್, ಇನ್ನೊಂದರಲ್ಲಿ ಬೇಸ್ ಹಿಡಿದು ಆಟೋದಿಂದ ಇಳಿದು ನೇರ ವೇದಿಕೆಗೆ ಹೋದೆ, ಜೀವನದಲ್ಲಿ ಮೊದಲ ಸಲ. ಸ್ವರ ಅಚ್ಚುಕಟ್ಟು, ಬೆರಳಿನ ತಪ್ಪುಗಳೂ ಅಷ್ಟೇ ಅಚ್ಚುಕಟ್ಟಾಗಿ ಕೇಳಿಸುತ್ತವೆ. ವಿಎಲ್‌ಇ ಎಂಬ ಗುಂಡಿ ತಿರುಗಿಸಿದರೆ ಮೇಲಿನ ಸ್ವರಾಂಶಗಳು ಕರಗಿ ಹಳೆಯ ಸ್ಪೀಕರಿನ ಹದ ಬರುತ್ತದೆ. ಮೂರನೇ ಒಂದು ಭಾಗ ತಿರುಗಿಸಿದಲ್ಲಿಗೆ ನನಗೆ ಸಾಕಾಯಿತು. ವಿಪಿಎಫ್ ಎಂಬ ಇನ್ನೊಂದು ಗುಂಡಿ ಮಧ್ಯದ ಕಂಪನಾಂಕಗಳನ್ನು ಅಗೆದುಹಾಕುತ್ತದೆ. ಒಬ್ಬನೇ ನುಡಿಸುವಾಗ ಅದು ಚೆಂದ, ಡ್ರಮ್ಸ್ ಮತ್ತು ಕೀಬೋರ್ಡ್ ಸೇರಿದ ಕ್ಷಣ ಬೇಸ್ ಕಾಣೆ. ಅದನ್ನು ಮುಟ್ಟದಿರುವುದು ಒಳ್ಳೆಯದು.

ದೂರಲು ಕಾರಣ ಸಿಗದ ಆಂಪ್. ಆದರೂ ಎರಡನೇ ದಿನ ಅದನ್ನು ಹಿಂದಿರುಗಿಸುವಾಗ ಬೇಜಾರಾಗಲಿಲ್ಲ. ಪೆಂಡಾಲಿನಂಥ ಬಯಲಿನಲ್ಲಿ ಅದರ ಸದ್ದು ಕಿವಿಗೆ ಬರುತ್ತಿತ್ತು, ಮೊಣಕಾಲಿನ ಹಿಂಬದಿಗೆ ಬರುತ್ತಿರಲಿಲ್ಲ. ಬೇಸ್ ನುಡಿಸದವರಿಗೆ ಈ ಮಾತು ಹುಚ್ಚಾಟ ಎನ್ನಿಸಬಹುದು. ನುಡಿಸುವವರು ತಲೆಯಾಡಿಸುತ್ತಾರೆ.

ಇನ್ನು ಫೆಂಡರ್ ರಂಬಲ್ 500. ಇದು ಗೆಳೆಯನದು, ಅವನು ಕೆಲಸದ ಮೇಲೆ ಹೊರದೇಶಕ್ಕೆ ಹೊರಟಿದ್ದಾನೆ, 42,000 ಕೇಳುತ್ತಿದ್ದಾನೆ. ಹತ್ತಿಂಚಿನ ಎರಡು ಸ್ಪೀಕರ್, ತೂಕ ಹದಿನಾರೂವರೆ ಕಿಲೋ. ಹೆಸರಿನಲ್ಲಿರುವ 500 ನೋಡಿ ಮೋಸ ಹೋಗಬೇಡಿ. ಒಳಗಿನ ಸ್ಪೀಕರುಗಳಷ್ಟನ್ನೇ ನಡೆಸುವಾಗ ಸ್ಪೀಕರಿನ ತಡೆ 8 ಓಮ್, ಸಿಗುವುದು 350 ವಾಟ್. ಹೊರಗಿನಿಂದ ಇನ್ನೊಂದು 8 ಓಮ್ ಪೆಟ್ಟಿಗೆ ಸೇರಿಸಿ 4 ಓಮ್ ಮಾಡಿದಾಗ ಮಾತ್ರ 500. ನನ್ನ ಹಳೆಯ ಹಾರ್ಟ್‌ಕಿಯದೂ ಇದೇ ಕಥೆ: ಮುಖದ ಮೇಲೆ 3500 ಎಂದು ಬರೆದುಕೊಂಡು 4 ಓಮ್‌ಗೆ 350, ನನ್ನ 8 ಓಮ್ ಕ್ಯಾಬಿನೆಟ್ಟಿಗೆ 240 ವಾಟ್ ಕೊಡುತ್ತಿತ್ತು. ವಾಟ್‌ಗಳ ಜಗಳಕ್ಕೆ ಕಿವಿ ಅಷ್ಟು ಬೆಲೆ ಕೊಡುವುದಿಲ್ಲ ಎಂಬುದು ಬೇರೆ ಮಾತು. ಶಕ್ತಿ ದುಪ್ಪಟ್ಟಾದರೆ ಏರುವುದು 3 ಡೆಸಿಬೆಲ್. 240ಕ್ಕೂ 350ಕ್ಕೂ ಇರುವ ಅಂತರ ಒಂದೂವರೆ ಡೆಸಿಬೆಲ್ ಮೇಲೆ ಚೂರು. ಡ್ರಮ್ಮರ್ ಆ ದಿನ ಕಾಫಿ ಕುಡಿದಿದ್ದಾನೋ ಇಲ್ಲವೋ ಎಂಬುದರಿಂದ ಅದಕ್ಕಿಂತ ದೊಡ್ಡ ವ್ಯತ್ಯಾಸ ಆಗುತ್ತದೆ.

ಜ್ಯಾಮ್ ರೂಮಿನಲ್ಲಿ ರಂಬಲ್ ಜೊತೆ ನಾಲ್ಕು ಗಂಟೆ ಕಳೆದೆ. ಬೇಸ್, ಲೋ ಮಿಡ್, ಹೈ ಮಿಡ್, ಟ್ರೆಬಲ್ ಎಂಬ ನಾಲ್ಕು ಗುಂಡಿಗಳು. ಲೋ ಮಿಡ್ ಗಡಿಯಾರದ ಎರಡು ಗಂಟೆಯ ಕಡೆಗೆ, ಟ್ರೆಬಲ್ ಹತ್ತು ಗಂಟೆಯ ಕಡೆಗೆ ತಿರುಗಿಸಿ, ವಿಂಟೇಜ್ ಎಂಬ ಬಟನ್ ಒತ್ತಿದಾಗ ಡ್ರಮ್ಮರ್ ಕೋಲು ನಿಲ್ಲಿಸಿ ತಲೆಯೆತ್ತಿದ. "ಇದು ನಿನ್ನ ಹಳೆಯ ಸದ್ದಿಗೆ ಹತ್ತಿರ ಬಂತಲ್ಲ?" ಹತ್ತಿರವೇ. ಮುಕ್ಕಾಲು ಪಾಲು. ಇದನ್ನು ಒಬ್ಬನೇ ಮೂರು ಮಹಡಿ ಹತ್ತಿಸಬಹುದು, ಮಧ್ಯೆ ಒಂದು ಸಲ ಕೆಳಗಿಟ್ಟರೆ ಸಾಕು. ಫ್ಯಾನ್ ಸದ್ದು ನುಡಿಸುವಾಗ ಗೊತ್ತಾಗುವುದಿಲ್ಲ. ಲೆಕ್ಕ ಹಾಕುವ ಮನುಷ್ಯನಾಗಿದ್ದರೆ ಅಲ್ಲಿಗೇ ಗೆಳೆಯನಿಗೆ ಹಣ ಕೊಟ್ಟು ತುಮಕೂರಿನ ಹುಡುಗನಿಗೆ "ಬೇಡಪ್ಪ" ಎನ್ನುತ್ತಿದ್ದೆ.

ಬದಲಿಗೆ ಒಂದು ಭಾನುವಾರ ರಂಬಲನ್ನು ಕಾರಿನ ಹಿಂದಿನ ಸೀಟಿಗೆ ಕಟ್ಟಿ, ಡ್ರಮ್ಮರನನ್ನು ಮುಂದೆ ಕೂರಿಸಿಕೊಂಡು ಎಪ್ಪತ್ತು ಕಿಲೋಮೀಟರ್ ಹೋದೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನದೆ ತುಮಕೂರು ಸೇರುವ ಪದ್ಧತಿ ನಮ್ಮಲ್ಲಿಲ್ಲ, ಅದನ್ನೂ ಪೂರೈಸಿದೆವು. ಹುಡುಗನ ಸೋದರಮಾವನವರದು ಶಾಮಿಯಾನ ವ್ಯಾಪಾರ. ಆಂಪ್ ಇದ್ದದ್ದು ಅವರ ಗೋದಾಮಿನಲ್ಲಿ, ಸುತ್ತ ಮಡಚಿಟ್ಟ ಬಟ್ಟೆಯ ಗಂಟುಗಳು, ಜಮಖಾನ, ಕೆಂಪು ಕುರ್ಚಿಗಳ ರಾಶಿ. ಪಕ್ಕದಲ್ಲೇ ಅವರ ಆರ್ಕೆಸ್ಟ್ರಾದ ಡ್ರಮ್ ಸೆಟ್.

ನುಡಿಸಿದೆ. ಮೊದಲ ಐದು ನಿಮಿಷ ಹೇಳಿಕೊಳ್ಳುವಂಥದ್ದಲ್ಲ. ಫ್ಯಾನು ಹಳೆಯ ಟೇಬಲ್ ಫ್ಯಾನಿನ ಹಾಗೆ ಕೂಗುತ್ತಿತ್ತು. ಅಲ್ಯೂಮಿನಿಯಂ ಕೋನಿನ ಖಣಖಣ ನನಗೆ ಮರೆತೇಹೋಗಿತ್ತು, ತಂತಿಯ ಮೇಲೆ ಬೆರಳು ಜಾರಿದರೆ ಪಾತ್ರೆ ಉಜ್ಜಿದ ಸದ್ದು. 64ರ ಸ್ಲೈಡರ್ ಈಗ ಕರಕರ ಎನ್ನುವುದನ್ನೂ ಬಿಟ್ಟು ಅರ್ಧಕ್ಕೆ ನಿಂತಿತ್ತು. ಈ ಹೆಡ್‌ನಲ್ಲಿ ಎರಡು ಪ್ರೀಆಂಪ್‌ಗಳಿವೆ (ಸ್ವರದ ಹದ ರೂಪಿಸುವ ಮೊದಲ ಹಂತ), ಒಂದು ಟ್ಯೂಬಿನದು, ಇನ್ನೊಂದು ಟ್ರಾನ್ಸಿಸ್ಟರಿನದು, ಎರಡನ್ನೂ ಬೇಕಾದಷ್ಟು ಬೆರೆಸಬಹುದು. ಟ್ಯೂಬನ್ನು ಆರಕ್ಕೆ, ಟ್ರಾನ್ಸಿಸ್ಟರನ್ನು ಮೂರಕ್ಕೆ ಇಟ್ಟು, 250 ಹರ್ಟ್ಸ್ ಸ್ವಲ್ಪ ಏರಿಸಿ, 3 ಕಿಲೋಹರ್ಟ್ಸ್ ಇಳಿಸಿದೆ. ಕೈಗೆ ಈ ಲೆಕ್ಕ ಇನ್ನೂ ನೆನಪಿತ್ತು. ಡ್ರಮ್ಮರ್ ಕಾಲಿನ ದೊಡ್ಡ ಡ್ರಮ್ (ಕಿಕ್) ಹೊಡೆದ, ನಾನು ಕೆಳಗಿನ ಇ ತಂತಿ ಮೀಟಿದೆ, ಮೊಣಕಾಲಿನ ಹಿಂದೆ ಗಾಳಿ ತಳ್ಳಿತು. ನಾಲ್ಕು ವರ್ಷ ಗೊಣಗಿದ್ದು ಇದಕ್ಕೇ.

ಬಟ್ಟೆಯ ಗಂಟುಗಳ ಮಧ್ಯೆ ಯಾವ ಆಂಪೂ ಚೆನ್ನಾಗಿಯೇ ಕೇಳಿಸೀತು ಎಂಬ ಅನುಮಾನ ಬಂತು. ಅದಕ್ಕೇ ರಂಬಲ್ ಇಳಿಸಿ ಪಕ್ಕದಲ್ಲಿಟ್ಟೆ. ಅದೇ ಕೋಣೆ, ಅದೇ ಹಾಡು. ಸ್ವರ ರಂಬಲಿನದೇ ಹೆಚ್ಚು ಹಿತ, ಖಣಖಣ ಇಲ್ಲ, ಗುಂಯ್ ಇಲ್ಲ. ಆದರೆ ಗಾಳಿ ಇಲ್ಲ. ಆಗ ಹುಡುಗ ಸುಮ್ಮನೆ ಕೇಳಿದ: "ಅಣ್ಣ, ಇದರ ಹಿಂದೆ ಹೊರಗಿನ ಸ್ಪೀಕರಿಗೆ ಜಾಕ್ ಇದೆಯಲ್ಲ, ನಮ್ಮ ಪೆಟ್ಟಿಗೆಗೆ ಕೊಡಬಹುದೇ?"

ನಲವತ್ತು ದಾಟಿದ ನನಗೆ ಹೊಳೆಯದ್ದು ಇಪ್ಪತ್ತಾರರ ಹುಡುಗನಿಗೆ ಹೊಳೆಯಿತು. ರಂಬಲಿನ ಒಳಗಿನದು 8 ಓಮ್, ಹಾರ್ಟ್‌ಕಿ ಕ್ಯಾಬಿನೆಟ್ 8 ಓಮ್, ಎರಡೂ ಸೇರಿದರೆ 4, ಅದು ತಡೆದುಕೊಳ್ಳುವ ಕೊನೆಯ ಗೆರೆ. ಸ್ಪೀಕರ್ ಕೇಬಲನ್ನೇ ಹುಡುಕಿ ಹಾಕಿದೆವು. ಗಿಟಾರಿನ ಕೇಬಲನ್ನು ಇಲ್ಲಿ ಬಳಸಿದರೆ ಅದು ಬಿಸಿಯಾಗಿ ಆಂಪಿಗೇ ಕುತ್ತು. ಟ್ರೆಬಲ್ ಇಳಿಸಿಯೇ ಇತ್ತು. ಮೀಟಿದೆ.

ಬಂತು. ಅದೇ ಗಾಳಿ, ಮೇಲೆ ಒಂದು ಪಾಲು ಹೆಚ್ಚು, ಪಾತ್ರೆ ಉಜ್ಜುವ ಸದ್ದು ಮಾತ್ರ ಹೊರಗೆ. ಡ್ರಮ್ಮರ್ "ಅಯ್ಯೋ" ಎಂದು ಕೋಲು ಕೆಳಗಿಟ್ಟ.

ಅಲ್ಲಿಗೆ ನನ್ನ ನಾಲ್ಕು ವರ್ಷದ ವಿರಹದ ವಿಳಾಸವೇ ತಪ್ಪಿತ್ತು. ನೆನೆದು ನೆನೆದು ಕೊರಗಿದ್ದು ಹೆಡ್‌ಗಾಗಿ, ಅದರ ಟ್ಯೂಬು, ಅದರ ಹತ್ತು ಸ್ಲೈಡರ್, ನನ್ನ ಗುಟ್ಟಿನ ಲೆಕ್ಕಗಳಿಗಾಗಿ. ನಿಜವಾಗಿ ಕಳೆದುಕೊಂಡದ್ದು ಯಾವುದನ್ನು ಬೈದು ಮಾರಿದೆನೋ ಆ ಭಾರದ ಪೆಟ್ಟಿಗೆಯನ್ನು. ಕೂತು ಯೋಚಿಸಿದರೆ ಇದರಲ್ಲಿ ಮಾಯೆ ಏನೂ ಇಲ್ಲ. ಬೇಸಿನ ಕೆಳಗಿನ ಇ ಸ್ವರ 41 ಹರ್ಟ್ಸ್. ಇಂಥ ಪೆಟ್ಟಿಗೆಗಳು ಅದನ್ನು ಪೂರ್ತಿ ಕೊಡುವುದೂ ಇಲ್ಲ. ಮೈಗೆ ತಾಗುವ ಹೊಡೆತ ಹೆಚ್ಚಾಗಿ ಅದರ ದುಪ್ಪಟ್ಟಾದ 82ರ ಮತ್ತು ಅದರ ಮೇಲಿನ ಅಂಶಗಳದ್ದು, ಕೆಳಗಿನದನ್ನು ಕಿವಿಯೇ ತುಂಬಿಕೊಳ್ಳುತ್ತದೆ. ಆ ಕಂಪನಾಂಕಗಳಲ್ಲಿ ಗಾಳಿ ತಳ್ಳಲು ಕೋನಿನ ವಿಸ್ತೀರ್ಣ ಬೇಕು. ಹತ್ತಿಂಚಿನ ನಾಲ್ಕು ಕೋನುಗಳ ವಿಸ್ತೀರ್ಣ ಹನ್ನೆರಡಿಂಚಿನ ಒಂದರ ಹೆಚ್ಚುಕಡಿಮೆ 2.8 ಪಟ್ಟು, ರಂಬಲಿನ ಎರಡರ ಸರಿಯಾಗಿ ಎರಡು ಪಟ್ಟು. ಮಾರ್ಕ್‌ಬೇಸ್ ಯಾಕೆ ಮನಸ್ಸಿಗೆ ಹಿಡಿಸಲಿಲ್ಲ ಎಂಬುದೂ ಇದರಲ್ಲೇ ಬಂತು, ಪಾಪ, ಅದರ ತಪ್ಪಲ್ಲ.

ಹಾಗಾಗಿ ಇವನ್ನು ಹೋಲಿಸುತ್ತಿರುವವರು ಯಾವ ಆಂಪ್ ಎನ್ನುವ ಮೊದಲು ಎಷ್ಟು ಕೋನು, ಯಾರು ಹೊರುವವರು ಎಂದು ಕೇಳಿಕೊಳ್ಳಲಿ. ಊರೂರು ತಿರುಗುವವರಿಗೆ, ಒಳ್ಳೆಯ ಸೌಂಡ್‌ನವರು ಜೊತೆಗಿದ್ದರೆ, ಮಾರ್ಕ್‌ಬೇಸ್ ಸಾಕು. ಕಿವಿಗೆ ಇಯರ್‌ಫೋನ್ ಮಾನಿಟರ್ ಹಾಕಿ ನುಡಿಸುವವರಿಗೆ ಪೆಡಲ್ ಒಂದೇ ಸಾಕು, ಆಂಪಿನ ಮಾತೇ ಬೇಡ. ಹಳೆಯ ಹಾರ್ಟ್‌ಕಿ ಹೆಡ್ ಸಿಕ್ಕರೆ ಫ್ಯಾನ್ ಮತ್ತು ಸ್ಲೈಡರ್ ನೋಡಿ ಕೊಳ್ಳಿ, ಕೆಟ್ಟದ್ದಲ್ಲ, ಆದರೆ ಈಗ ನನಗೆ ಬೇಡ.

ಇದನ್ನು ಹುಡುಗನಿಗೆ ಹೇಳುವುದೇ ಕಷ್ಟವಾಯಿತು. ಪೆಟ್ಟಿಗೆ ಮಾತ್ರ ಕೊಡುತ್ತೀಯಾ ಎಂದೆ. ಅವನು ಬಾಯಿ ತೆರೆಯುವ ಮೊದಲೇ ಮಾವನವರು, "ಜೋಡಿ ಎತ್ತನ್ನು ಬಿಡಿಸಿ ಮಾರುವುದುಂಟೇ?" ಎಂದರು. ನಾನು ಪೆಚ್ಚಾಗಿ ನಿಂತೆ. ಹುಡುಗ ನಿಧಾನಕ್ಕೆ ಹೇಳಿದ, ಅವನಿಗೂ ಹೆಡ್ ಮಾರುವ ಮನಸ್ಸಿರಲಿಲ್ಲವಂತೆ. ಆರ್ಕೆಸ್ಟ್ರಾದ ವ್ಯಾನಿನಲ್ಲಿ ಪೆಟ್ಟಿಗೆಗೆ ಜಾಗವಿಲ್ಲ ಎಂದು ಎಲ್ಲರೂ ಗಂಟುಬಿದ್ದಿದ್ದಕ್ಕೆ ಎರಡನ್ನೂ ಮಾರಲು ಹೊರಟಿದ್ದನಂತೆ. ಹನ್ನೆರಡಿಂಚಿನ ಸಣ್ಣದೊಂದು ಕ್ಯಾಬಿನೆಟ್ ಕೊಂಡರೆ ಅವನ ಹೆಡ್ ಅವನಿಗೇ ಉಳಿಯುತ್ತದೆ. 16,000ಕ್ಕೆ ಮಾತಾಯಿತು. ಮಾವನವರು ಕಾಫಿ ತರಿಸಿದರು.

ಪೆಟ್ಟಿಗೆ ಮೂರನೇ ಮಹಡಿಗೆ ಬರುವುದಿಲ್ಲ. ನಾವು ಅಭ್ಯಾಸ ಮಾಡುವ ಜ್ಯಾಮ್ ರೂಮ್ ನೆಲಮಹಡಿಯಲ್ಲಿದೆ. ಬೇರೆ ಬ್ಯಾಂಡಿನವರೂ ಬಳಸಬಹುದು ಎಂಬ ಷರತ್ತಿನ ಮೇಲೆ ಅಲ್ಲಿನವರು ಒಂದು ಮೂಲೆ ಬಿಟ್ಟುಕೊಟ್ಟಿದ್ದಾರೆ. ರಂಬಲ್ ಮಾತ್ರ ನನ್ನ ಜೊತೆ ಹತ್ತಿ ಇಳಿಯುತ್ತದೆ. ಎರಡೂ ಸೇರಿ 58,000, ಮಾರಿದ ಬೆಲೆಗಿಂತ 23,000 ಹೆಚ್ಚು. ಮನೆಯಲ್ಲಿ ಈ ಲೆಕ್ಕವನ್ನು ಇನ್ನೂ ಪೂರ್ತಿ ಒಪ್ಪಿಸಿಲ್ಲ.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ನಾನು ಕುಂಕುಮ ಇಟ್ಟಿದ್ದು ವಾಪಸ್ಸು ಬಂತೇ?" ಎಂದರು. ಅದು ತುಮಕೂರಿನಲ್ಲೇ ಉಳಿಯಿತು, ಅದರ ಕೆಳಗಿನ ಪೆಟ್ಟಿಗೆ ಬರುತ್ತಿದೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಸಲ ನವಮಿಗೆ ಅಲ್ಲಿಗೇ ಕರೆದುಕೊಂಡು ಹೋಗು, ಸಂದಿ ಇಲ್ಲದ ಕಡೆ ನೋಡಿ ಇಡುತ್ತೇನೆ" ಎಂದರು.