ವಾಟರ್‌ಪ್ರೂಫ್ ಗ್ಲೌಸ್ ಅಂದ್ರೆ ನಂಬಬೇಡಿ, ಮೊದಲು ಬಕೆಟ್‌ಗೆ ಅದ್ದಿ

ಮಳೆಗಾಲಕ್ಕೆ ಬೈಕ್ ಗ್ಲೌಸ್ ತಗೊಳ್ಳೋಕೆ ಹೊರಟವರು ಇದನ್ನು ಓದಿ, ಆಮೇಲೆ ಜೇಬಿಗೆ ಕೈ ಹಾಕಿ. ಬೆಂಗಳೂರಿನ ಒಂದು ರೈಡಿಂಗ್ ಗೇರ್ ಅಂಗಡಿ ನನಗೆ 2,500 ರೂಪಾಯಿಯ ಟೋಪಿ ಹಾಕಿದೆ. ಅಂಗಡಿ ಹೆಸರು ಬರೆಯುತ್ತಿಲ್ಲ. ಬರೆದರೂ ಏನು ಪ್ರಯೋಜನ, ಇದೇ ಮಾಲು ಪಕ್ಕದ ಅಂಗಡಿಯಲ್ಲೂ ನೇತಾಡುತ್ತಿರುತ್ತೆ.

ಹೇಳಿದ್ದು 2,800. ಚೌಕಾಸಿ ಮಾಡಿದ್ದಕ್ಕೆ ಮುನ್ನೂರು ಇಳಿಸಿದರು. ‘ವಾಟರ್‌ಪ್ರೂಫ್ ತಾನೇ?’ ಅಂತ ಕೇಳಿದೆ. ಒಂದಲ್ಲ, ಮತ್ತೆ ಮತ್ತೆ ಕೇಳಿದೆ. ಅಲ್ಲಿದ್ದ ಹುಡುಗ ಕುಡಿಯುವ ನೀರಿನ ಬಾಟಲಿ ತೆಗೆದು ಗ್ಲೌಸಿನ ಬೆನ್ನ ಮೇಲೆ ನೀರು ಚಿಮುಕಿಸಿದ. ಕೆಸುವಿನ ಎಲೆ ಮೇಲೆ ಬಿದ್ದ ಹಾಗೆ ಹನಿಗಳು ಉರುಳಿ ಹೋದವು. ‘ನೋಡಿ ಸರ್, ಒಂದು ತೊಟ್ಟು ಒಳಗೆ ಹೋಗಲ್ಲ, ನೂರು ಪರ್ಸೆಂಟ್.’

ಅವನು ಗ್ಲೌಸ್ ತಿರುಗಿಸಲೇ ಇಲ್ಲ. ಅಂಗೈ ಕಡೆ ಹಾಕಲಿಲ್ಲ, ಬೆರಳ ಸಂದಿಯ ಹೊಲಿಗೆ ಮೇಲೆ ಹಾಕಲಿಲ್ಲ. ನೀರು ನುಗ್ಗೋದೇ ಅಲ್ಲಿಂದ! ಈಗ ನೆನೆಸಿಕೊಂಡರೆ ಮೈ ಉರಿಯುತ್ತೆ.

ಪುತ್ತೂರಿಗೆ ಹೊರಟಿದ್ದೆ. ಹಾಸನ ದಾಟುವವರೆಗೆ ಬರೀ ತುಂತುರು, ಏನೂ ಗೊತ್ತಾಗಲಿಲ್ಲ. ಆಮೇಲೆ ಮಳೆ ಹಿಡಿಯಿತು ನೋಡಿ. ಮೊದಲು ಬೆರಳ ತುದಿ ತಣ್ಣಗಾಯಿತು, ಆಮೇಲೆ ಅಂಗೈ, ಆಮೇಲೆ ಕ್ಲಚ್ ಹಿಡಿದಾಗಲೆಲ್ಲ ಒಳಗೆ ಪಚಪಚ. ಸಕಲೇಶಪುರದಲ್ಲಿ ಟೀಗೆ ನಿಲ್ಲಿಸಿ ಗ್ಲೌಸ್ ಎಳೆದೆ. ಒಳಗಿನ ಲೈನಿಂಗ್ ಬೆರಳಿಗೆ ಅಂಟಿಕೊಂಡು ಹೊರಗೇ ಬಂತು. ಹಿಂಡಿದೆ, ಕಪ್ಪು ನೀರು ಸುರಿಯಿತು. ಉಗುರ ಸಂದಿಯಲ್ಲೆಲ್ಲ ಕಪ್ಪು ಬಣ್ಣ. ಟೀ ಅಂಗಡಿಯವರು ‘ಏನ್ ಸಾರ್, ಗಾಡಿ ಕೆಟ್ಟೋಯ್ತಾ?’ ಅಂತ ಕೇಳಿದರು. ಏನಂತ ಹೇಳೋದು? ಜೊತೆಯಲ್ಲಿದ್ದ ಗೆಳೆಯನ ಮುಂದೆ ಅದೇ ಗ್ಲೌಸನ್ನು ಬೆಳಿಗ್ಗೆ ತಾನೇ ಹೊಗಳಿದ್ದೆ. ಅವನು ಇನ್ನೂ ನಗುತ್ತಿದ್ದಾನೆ.

ಮತ್ತೆ ಹಾಕಿಕೊಳ್ಳೋಕೆ ಹೋದರೆ ಬೆರಳು ಒಳಗೇ ಹೋಗಲ್ಲ. ಒದ್ದೆ ಲೈನಿಂಗ್ ತಿರುಚಿಕೊಂಡಿತ್ತು. ಬರಿಗೈಯಲ್ಲೇ ಶಿರಾಡಿ ಇಳಿದೆ. ಮುಂದೆ ಟ್ಯಾಂಕರ್, ಹಿಂದೆ ಬಸ್ಸು, ಮರಗಟ್ಟಿದ ಬೆರಳಲ್ಲಿ ಬ್ರೇಕ್ ಎಷ್ಟು ಹಿಡಿದಿದ್ದೇನೆ ಅಂತಲೇ ಗೊತ್ತಾಗುತ್ತಿರಲಿಲ್ಲ. ದುಡ್ಡು ಹೋಗಿದ್ದಕ್ಕಿಂತ ಇದು ಜಾಸ್ತಿ ಸಿಟ್ಟು ತರಿಸಿದ್ದು.

ಗುಂಡ್ಯದಲ್ಲಿ ನಿಂತು ಫೋಟೋ, ವಿಡಿಯೋ ತೆಗೆದು ಅಂಗಡಿಯ ವಾಟ್ಸಾಪ್‌ಗೆ ಕಳಿಸಿದೆ. ಬಂದ ಉತ್ತರಗಳನ್ನು ಹಾಗೇ ಹಾಕುತ್ತೇನೆ, ಓದಿ.

‘ಅದು ಬೆವರು ಸರ್.’

ಬೆವರು! ಘಾಟಿಯಲ್ಲಿ, ಚಳಿಯಲ್ಲಿ, ಹಿಂಡಿದರೆ ಸುರಿಯುವಷ್ಟು ಬೆವರು! ಕಪ್ಪು ಬೆವರು!

‘ಮಳೇಲಿ ಜಾಸ್ತಿ ಹೊತ್ತು ಓಡಿಸಿದ್ದೀರ ಸರ್.’ ಮಳೆಗೆ ಅಂತಲೇ ತಗೊಂಡಿದ್ದು ಸ್ವಾಮಿ, ಮದುವೆಗಲ್ಲ. ಹಾಗಂತ ಬರೆದಿದ್ದಕ್ಕೆ ‘ವಾಟರ್‌ಪ್ರೂಫ್ ಅಲ್ಲ ಸರ್, ವಾಟರ್ ರೆಸಿಸ್ಟೆಂಟ್. ಅಂಗಡೀಲೇ ಹೇಳಿದ್ವಿ’ ಅಂದರು. ರೆಸಿಸ್ಟೆಂಟ್ ಅಂದರೆ ತುಂತುರು ತಡೆಯುತ್ತೆ, ಜೋರು ಮಳೆ ತಡೆಯಲ್ಲ ಅಂತ. ಯಾರೂ ಹೇಳಿಲ್ಲ. ನೂರು ಪರ್ಸೆಂಟ್ ಅಂದವನು ಎಲ್ಲಿ ಹೋದ? ‘ಆ ಹುಡುಗ ಕೆಲಸ ಬಿಟ್ಟ ಸರ್.’ ವಾಪಸ್ ತಗೊಳ್ಳಿ ಅಂದೆ. ‘ಯೂಸ್ ಮಾಡಿದ ಮಾಲು ವಾಪಸ್ ಇಲ್ಲ.’ ಆಮೇಲೆ ಬರೀ ಬ್ಲೂ ಟಿಕ್.

ಮನೆಗೆ ಬಂದು ಕತ್ತರಿಯಿಂದ ಕೊಯ್ದೆ. ಹೊರಗೆ ಬಟ್ಟೆ, ಒಳಗೆ ತೆಳು ಸ್ಪಂಜು, ಲೈನಿಂಗ್, ಮುಗೀತು. ನಿಜವಾದ ವಾಟರ್‌ಪ್ರೂಫ್ ಗ್ಲೌಸ್‌ನಲ್ಲಿ ಹೊರಬಟ್ಟೆಗೂ ಲೈನಿಂಗ್‌ಗೂ ನಡುವೆ ಗೋರ್‌ಟೆಕ್ಸ್ ತರಹದ ಒಂದು ಪೊರೆ ಇರುತ್ತೆ. ಹೊರಗಿನ ಬಟ್ಟೆ ನೆನೆದರೂ ಕೈ ತನಕ ನೀರು ಬರದಂತೆ ತಡೆಯೋದು ಅದು. ನನಗೆ ಕೊಟ್ಟಿದ್ದರಲ್ಲಿ ಅದರ ಚೂರೂ ಇರಲಿಲ್ಲ. ಹನಿ ಉರುಳಿಸಿದ್ದು ಬೆನ್ನ ಮೇಲೆ ಬಳಿದ ಕೋಟಿಂಗ್ ಅಷ್ಟೇ.

ಹಾಗಾಗಿ ಅಂಗಡಿಯಲ್ಲಿ ಬಾಟಲಿ ಆಟ ನೋಡಬೇಡಿ. ಗ್ಲೌಸ್ ಹಾಕಿಕೊಂಡು ಮಣಿಕಟ್ಟಿನವರೆಗೆ ಬಕೆಟ್‌ನಲ್ಲಿ ಅದ್ದುತ್ತೀನಿ ಅನ್ನಿ. ಒಪ್ಪಲಿಲ್ಲ ಅಂದರೆ ಎದ್ದು ಬನ್ನಿ. ಮಣಿಕಟ್ಟಿನ ಹತ್ತಿರವೇ ಮುಗಿಯುವ ಗಿಡ್ಡ ಕಫ್‌ನದ್ದಾದರೆ ರೇನ್‌ಕೋಟ್ ತೋಳು ಗ್ಲೌಸಿನ ಮೇಲೆ ಬರಲಿ. ಒಳಗೆ ಸಿಕ್ಕಿಸಿದರೆ ತೋಳಿನ ನೀರು ನೇರ ಅಂಗೈಗೆ ಇಳಿಯುತ್ತೆ, ಆಗ ಎಂಥ ಗ್ಲೌಸ್ ಇದ್ದರೂ ಅಷ್ಟೇ. ವಾಪಸ್ ಬರುವಾಗ ನಾನು ಮೆಡಿಕಲ್ ಶಾಪ್‌ನಲ್ಲಿ ಸಿಗುವ ತೆಳು ರಬ್ಬರಿನಂಥ ನೈಟ್ರೈಲ್ ಗ್ಲೌಸ್ ಹಾಕಿ, ಅದರ ಮೇಲೆ ಗೆಳೆಯನ ಹಳೆ ಗ್ಲೌಸ್ ಹಾಕಿದೆ. ಒಳಗೆ ಸ್ವಲ್ಪ ಬೆವರುತ್ತೆ (ಇದು ನಿಜವಾದ ಬೆವರು), ಆದರೆ ಮಳೆ ನೀರು, ತಣ್ಣನೆ ಗಾಳಿ ಎರಡೂ ತಟ್ಟಲ್ಲ.

ಬಿಲ್ ಮಾತ್ರ ಬಿಡಲೇಬೇಡಿ. ನನಗೆ ಕೊಟ್ಟಿದ್ದು ‘ಎಸ್ಟಿಮೇಟ್’ ಅಂತ ಬರೆದ ಚೀಟಿ, ಅಂಗಡಿ ಹೆಸರೂ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಬಿಲ್ ಕೊಡದೇ ಇರೋದು, ದೋಷ ಇರುವ ಮಾಲು ವಾಪಸ್ ತಗೊಳ್ಳದೇ ಇರೋದು ಎರಡೂ ತಪ್ಪು. ಯುಪಿಐ ಸ್ಕ್ರೀನ್‌ಶಾಟ್, ಚಾಟ್ ಎಲ್ಲ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ.

ನಿನ್ನೆ ಅಂಗಡಿಯಿಂದ ಮೆಸೇಜ್ ಬಂತು. ದುಡ್ಡು ವಾಪಸ್ ಕೊಡ್ತಾರೇನೋ ಅಂದುಕೊಂಡು ತೆರೆದೆ. ‘ಸರ್, ಹೊಸ ಮಾಡೆಲ್ ಬಂದಿದೆ, 4,500. ಇದು ಪಕ್ಕಾ ವಾಟರ್‌ಪ್ರೂಫ್. ನಿಮಗೆ ಡಿಸ್ಕೌಂಟ್ ಮಾಡಿಕೊಡ್ತೀವಿ.’