ಆಡಿಟ್ ಸಂಸ್ಥೆಯೋ, ಕಂಪನಿಯ ಲೆಕ್ಕ ವಿಭಾಗವೋ? ಕ್ರೆಡಿಟ್‌ಗಾಗಿ ಮಾಡಿದ ಎರಡು ಇಂಟರ್ನ್‌ಶಿಪ್‌ಗಳ ಹೋಲಿಕೆ

ಲೆಕ್ಕಶಾಸ್ತ್ರದ ಪದವಿ ಓದುತ್ತಿರುವವರು ಇಂಟರ್ನ್‌ಶಿಪ್ ಮೂಲಕ ಕಾಲೇಜಿನ ಕ್ರೆಡಿಟ್ ಪಡೆಯಲು ಹೊರಟಾಗ ಸಾಮಾನ್ಯವಾಗಿ ಎರಡು ಆಯ್ಕೆಗಳಿರುತ್ತವೆ: ಹಲವು ಗ್ರಾಹಕರ ಪುಸ್ತಕಗಳನ್ನು ಪರಿಶೀಲಿಸುವ ಆಡಿಟ್ ಸಂಸ್ಥೆ, ಅಥವಾ ತನ್ನ ಲೆಕ್ಕವನ್ನು ತಾನೇ ಬರೆದಿಡುವ ಕಂಪನಿಯೊಂದರ ಲೆಕ್ಕ ವಿಭಾಗ. ಓದಿನ ಅವಧಿಯಲ್ಲಿ ನಾನು ಎರಡನ್ನೂ ಮಾಡಿದ್ದೇನೆ. ಮೊದಲನೆಯದನ್ನು ತರಗತಿಗಳಿಗೆ ಬಿಡುವಿದ್ದಾಗ ಪೂರ್ಣಾವಧಿಯಾಗಿ, ಎರಡನೆಯದನ್ನು ತರಗತಿಗಳ ಜೊತೆಗೇ ಅರೆಕಾಲಿಕವಾಗಿ. ಅಂಕಪಟ್ಟಿಯಲ್ಲಿ ಎರಡಕ್ಕೂ ಅಷ್ಟೇ ಕ್ರೆಡಿಟ್ ದಾಖಲಾಯಿತು, ಆದರೆ ಕಲಿತದ್ದು ಒಂದೇ ಆಗಿರಲಿಲ್ಲ. ಆ ವ್ಯತ್ಯಾಸಕ್ಕೆ ಸಂಸ್ಥೆಯ ಹೆಸರು ಅಥವಾ ಗಾತ್ರ ಅಷ್ಟಾಗಿ ಕಾರಣವಲ್ಲ. ನಾನು ಮಾಡಿದ ಕೆಲಸವನ್ನು ಯಾರು, ಯಾವಾಗ, ಎಷ್ಟು ಆಳವಾಗಿ ನೋಡಿ ತಿದ್ದಿದರು ಎಂಬುದೇ ಮುಖ್ಯ ಕಾರಣ.

ಹೋಲಿಕೆಗೆ ಮೊದಲು ಕ್ರೆಡಿಟ್ ಹೇಗೆ ಎಣಿಕೆಯಾಗುತ್ತದೆ ಎಂಬುದನ್ನು ಹೇಳಬೇಕು. ಬಹುತೇಕ ವಿದ್ಯಾಸಂಸ್ಥೆಗಳಲ್ಲಿ ಅದರ ಆಧಾರ ಗಂಟೆಗಳೇ. ಉದಾಹರಣೆಗೆ ಯೂರೋಪಿನ ವಿಶ್ವವಿದ್ಯಾಲಯಗಳು ಬಳಸುವ ಇಸಿಟಿಎಸ್ ಎಂಬ ಕ್ರೆಡಿಟ್ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಗಳ ದುಡಿಮೆ; ಆ ಲೆಕ್ಕದಲ್ಲಿ 6 ಕ್ರೆಡಿಟ್‌ಗಳ ಇಂಟರ್ನ್‌ಶಿಪ್‌ಗೆ 150ರಿಂದ 180 ಗಂಟೆಗಳು ಬೇಕು, ಮತ್ತು ಕಚೇರಿಯಲ್ಲಿ ಕಳೆದ ಸಮಯದ ಜೊತೆಗೆ ವರದಿ ಬರೆಯುವ ಸಮಯವೂ ಅದರಲ್ಲಿ ಸೇರುತ್ತದೆ. ಇತರ ಪದ್ಧತಿಗಳಲ್ಲಿ ಗಂಟೆಗಳ ಸಂಖ್ಯೆ ಬೇರೆಯಾಗಿರಬಹುದು. ಆದರೆ ಗಂಟೆಗಳು ತುಂಬಿದ ಮಾತ್ರಕ್ಕೆ ಕ್ರೆಡಿಟ್ ಸಿಗುವುದಿಲ್ಲ. ಕೆಲಸ ಆರಂಭವಾಗುವ ಮೊದಲೇ ವಿದ್ಯಾರ್ಥಿ, ಕಾಲೇಜಿನ ಮಾರ್ಗದರ್ಶಕರು ಮತ್ತು ಕೆಲಸದ ಸ್ಥಳದ ಮೇಲ್ವಿಚಾರಕರು ಮೂವರೂ ಸಹಿ ಮಾಡಿದ ಕಲಿಕಾ ಒಪ್ಪಂದ ಇರಬೇಕು. ನಂತರ ದಿನಚರಿ, ಮೇಲ್ವಿಚಾರಕರ ಮೌಲ್ಯಮಾಪನ ಮತ್ತು ವರದಿ. ಕೆಲಸ ಮುಗಿಸಿ ಬಂದು ಆಮೇಲೆ ಕ್ರೆಡಿಟ್ ಕೇಳಿದರೆ ಸಾಮಾನ್ಯವಾಗಿ ಸಿಗುವುದಿಲ್ಲ.

ಆಡಿಟ್ ಸಂಸ್ಥೆಯಲ್ಲಿ ನನಗೆ ಕೊಟ್ಟದ್ದು ವೋಚಿಂಗ್ (ಲೆಕ್ಕದ ನಮೂದನ್ನು ಮೂಲ ದಾಖಲೆಯೊಂದಿಗೆ ಹೋಲಿಸುವುದು) ಮತ್ತು ಕಟ್-ಆಫ್ ಪರೀಕ್ಷೆಯ ಕೆಲಸ. ವರ್ಷದ ಕೊನೆಯ ದಿನದ ಹಿಂದುಮುಂದಿನ ಮಾರಾಟದ ಇನ್‌ವಾಯ್ಸ್‌ಗಳನ್ನು ಆರಿಸಿಕೊಂಡು, ಪ್ರತಿಯೊಂದನ್ನೂ ಸರಕು ಹೊರಟ ದಿನದ ರವಾನೆ ಚೀಟಿಯೊಂದಿಗೆ ಹೋಲಿಸಿ, ಮಾರಾಟವು ಸರಿಯಾದ ವರ್ಷದ ಲೆಕ್ಕಕ್ಕೆ ಸೇರಿದೆಯೇ ಎಂದು ನೋಡಬೇಕಿತ್ತು. ಹೊರಗಿನಿಂದ ನೋಡಿದರೆ ಇದು ಯಾಂತ್ರಿಕ ಕೆಲಸ. ಆದರೆ ನನ್ನ ಮೇಲ್ವಿಚಾರಕರು ಮಾಡಿದ ಪರಿಶೀಲನೆಯನ್ನು ದಾಖಲಿಸುವ ಪ್ರತಿ ಕಾರ್ಯಪತ್ರದ ಅಂಚಿನಲ್ಲಿ ಕೇಳುತ್ತಿದ್ದ ಪ್ರಶ್ನೆಗಳು ಅದನ್ನು ಕಲಿಕೆಯನ್ನಾಗಿ ಮಾಡಿದವು: ಈ ರವಾನೆ ಚೀಟಿಯ ಸಂಖ್ಯೆ ಏನು, ಸರಕು ಪಡೆದವರ ಸಹಿ ಇದೆಯೇ, ಸರಕಿನ ಹೊಣೆಗಾರಿಕೆ ಖರೀದಿದಾರನಿಗೆ ವರ್ಗವಾಗುವುದು ಗೋದಾಮಿನಿಂದ ಹೊರಟಾಗಲೋ ತಲುಪಿದಾಗಲೋ, ಅದು ಒಪ್ಪಂದದ ಯಾವ ಪುಟದಲ್ಲಿದೆ? ಈ ಕಟ್ಟುನಿಟ್ಟು ಅವರ ಸ್ವಭಾವದಿಂದ ಮಾತ್ರ ಬಂದದ್ದಲ್ಲ. ಆ ಆಡಿಟ್‌ಗೆ ಸಂಬಂಧವೇ ಇಲ್ಲದ ಅನುಭವಿ ಆಡಿಟರ್ ಒಬ್ಬರು ಕಡತವನ್ನು ತೆರೆದರೆ ಏನು ಮಾಡಲಾಗಿದೆ, ಏನು ಕಂಡುಬಂದಿದೆ, ತೀರ್ಮಾನ ಏನು ಎಂಬುದು ಅವರಿಗೆ ಅರ್ಥವಾಗುವಂತಿರಬೇಕು ಎಂದು ಅಂತರರಾಷ್ಟ್ರೀಯ ಆಡಿಟ್ ಮಾನದಂಡ 230 ಹೇಳುತ್ತದೆ. ಕಿರಿಯರ ಕೆಲಸಕ್ಕೆ ನಿರ್ದೇಶನ, ಮೇಲ್ವಿಚಾರಣೆ ಮತ್ತು ಮರುಪರಿಶೀಲನೆ ಇರಲೇಬೇಕು ಎಂಬುದು ಮಾನದಂಡ 220ರ ವಿಷಯ. ಹೀಗಾಗಿ ಇಂಟರ್ನ್ ಮಾಡಿದ ಕೆಲಸವನ್ನು ಯಾರೋ ಒಬ್ಬರು ಓದಿಯೇ ಓದುತ್ತಾರೆ. ಕ್ರೆಡಿಟ್‌ಗಾಗಿ ಬಂದ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಬಾಕಿ ದೃಢೀಕರಣದ ಪತ್ರಗಳ ಕೆಲಸವೂ ಅಲ್ಲಿ ಸಿಕ್ಕಿತು. ಸಾಲಗಾರರಿಂದ ಬರಬೇಕಾದ ಮೊತ್ತವನ್ನು ಅವರಿಂದಲೇ ಖಚಿತಪಡಿಸಿಕೊಳ್ಳುವ ಆ ಪತ್ರಗಳನ್ನು ಗ್ರಾಹಕ ಕಂಪನಿಯ ಕೈಗೆ ಕೊಟ್ಟು ಕಳುಹಿಸುವಂತಿಲ್ಲ; ಕಳುಹಿಸುವುದೂ ಉತ್ತರ ಪಡೆಯುವುದೂ ಆಡಿಟರ್‌ನ ಹಿಡಿತದಲ್ಲೇ ಇರಬೇಕು. ಪಠ್ಯಪುಸ್ತಕದಲ್ಲಿ ಒಂದು ಸಾಲಾಗಿ ಓದಿದ್ದ ಈ ನಿಯಮದ ಕಾರಣ, ಉತ್ತರದಲ್ಲಿದ್ದ ಮೊತ್ತ ಪುಸ್ತಕದ ಮೊತ್ತಕ್ಕೆ ತಾಳೆಯಾಗದೆ ಬಂದ ಪತ್ರವನ್ನು ಕೈಯಲ್ಲಿ ಹಿಡಿದಾಗ ನನಗೆ ಪೂರ್ತಿಯಾಗಿ ತಿಳಿಯಿತು.

ಆದರೂ ಆಡಿಟ್ ಸಂಸ್ಥೆಯ ಕಲಿಕೆಗೆ ಮಿತಿಯಿದೆ. ಇಂಟರ್ನ್‌ಗೆ ಸಿಗುವುದು ಒಟ್ಟು ಚಿತ್ರದ ಒಂದು ಸಣ್ಣ ತುಣುಕು. ಮಾರಾಟದ ಕಟ್-ಆಫ್ ನೋಡಿದವನಿಗೆ ದಾಸ್ತಾನಿನ ಮೌಲ್ಯಮಾಪನ ಹೇಗಾಯಿತು ಎಂಬುದು ತಿಳಿಯುವುದಿಲ್ಲ, ಮತ್ತು ಒಬ್ಬ ಗ್ರಾಹಕನ ಕೆಲಸ ಅರ್ಥವಾಗುವ ಹೊತ್ತಿಗೆ ಇನ್ನೊಬ್ಬ ಗ್ರಾಹಕನ ಕಚೇರಿಗೆ ಹೋಗಬೇಕಾಗುತ್ತದೆ. ಇದರ ಜೊತೆಗೆ ಋತುವಿನ ಒತ್ತಡವೂ ಇದೆ. ಆಡಿಟ್ ವರದಿಗೆ ಸಹಿಯಾದ ನಂತರ ಸಾಮಾನ್ಯವಾಗಿ 60 ದಿನಗಳೊಳಗೆ ಕಡತವನ್ನು ಅಂತಿಮಗೊಳಿಸಬೇಕಾದ್ದರಿಂದ, ಕಾಲೇಜಿಗೆ ಕೊಡಬೇಕಾದ ಮಧ್ಯಾವಧಿ ಮೌಲ್ಯಮಾಪನದ ನಮೂನೆ ನನ್ನ ಮೇಲ್ವಿಚಾರಕರ ಮೇಜಿನ ಮೇಲೆ ಬಹಳ ಕಾಲ ಹಾಗೇ ಉಳಿಯಿತು.

ಕಂಪನಿಯ ಲೆಕ್ಕ ವಿಭಾಗದಲ್ಲಿ ಪರಿಸ್ಥಿತಿ ತಿರುವುಮುರುವು. ಇಲ್ಲಿ ಲೆಕ್ಕ ಹುಟ್ಟುವುದನ್ನೇ ನೋಡಬಹುದು. ಖರೀದಿ ಆದೇಶ, ಸರಕು ಸ್ವೀಕೃತಿ ಚೀಟಿ, ಮಾರಾಟಗಾರರ ಇನ್‌ವಾಯ್ಸ್ ಈ ಮೂರೂ ಹೊಂದಿದ ನಂತರವೇ ಪಾವತಿಗೆ ಅನುಮತಿ ಸಿಗುತ್ತದೆ; ಹೊಂದದಿದ್ದರೆ ಉಗ್ರಾಣಕ್ಕೆ ಹೋಗಿ ಎಣಿಸಿದವರನ್ನೇ ಕೇಳಬಹುದು. ತಿಂಗಳ ಕೊನೆಯಲ್ಲಿ ಲೆಕ್ಕ ಮುಕ್ತಾಯಗೊಳಿಸುವಾಗ, ಸೇವೆ ಪಡೆದಾಗಿದೆ ಆದರೆ ಬಿಲ್ ಬಂದಿಲ್ಲ ಎಂಬಂಥ ಖರ್ಚುಗಳನ್ನು ಅಂದಾಜು ಮಾಡಿ ಬಾಕಿ ಖರ್ಚಾಗಿ ಬರೆದು, ಮುಂದಿನ ತಿಂಗಳ ಮೊದಲ ದಿನ ಅದೇ ನಮೂದನ್ನು ವಿರುದ್ಧ ನಮೂದಿನಿಂದ ತಿರುಗಿಸಿ, ನಿಜವಾದ ಬಿಲ್ ಬಂದಾಗ ಅಂದಾಜು ಎಷ್ಟು ಸರಿಯಿತ್ತೆಂದು ನೋಡುವ ಪೂರ್ಣ ಚಕ್ರ ಕಣ್ಣೆದುರೇ ನಡೆಯುತ್ತದೆ. ಅದೇ ವಾರ ತರಗತಿಯಲ್ಲಿ ಹೊಂದಾಣಿಕೆ ನಮೂದುಗಳ ಅಧ್ಯಾಯ ನಡೆಯುತ್ತಿದ್ದರೆ ಆಗುವ ಪ್ರಯೋಜನವನ್ನು ವಿವರಿಸಬೇಕಾಗಿಲ್ಲ.

ಕಂಪನಿಯ ಪುಸ್ತಕವನ್ನು ಬ್ಯಾಂಕಿನ ಲೆಕ್ಕದೊಂದಿಗೆ ಹೊಂದಿಸಿ ನೋಡುವ ಬ್ಯಾಂಕ್ ತಾಳೆಪಟ್ಟಿಯ ಒಂದು ಸಂಗತಿಯನ್ನು ಇಲ್ಲಿ ದಾಖಲಿಸಬೇಕು. ಪಟ್ಟಿಯಲ್ಲಿ 900ರ ವ್ಯತ್ಯಾಸ ಉಳಿದಿತ್ತು. ವಿಭಾಗದ ಹಿರಿಯ ಲೆಕ್ಕಿಗರೊಬ್ಬರು ಬಂದು, ಒಂದೊಂದೇ ನಮೂದನ್ನು ಹುಡುಕುವ ಮೊದಲು ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಲು ಹೇಳಿದರು. ಶೇಷವಿಲ್ಲದೆ ಭಾಗವಾದರೆ ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. ಭಾಗಿಸಿದಾಗ ಬಂದದ್ದು ನೂರು ಆದ್ದರಿಂದ ಸಾವಿರದ ಮತ್ತು ನೂರರ ಸ್ಥಾನಗಳನ್ನು ನೋಡಿ ಎಂದರು. ಹಾಗೆಯೇ 5,460 ಎಂಬ ಮೊತ್ತ ಪುಸ್ತಕದಲ್ಲಿ 4,560 ಎಂದು ದಾಖಲಾಗಿತ್ತು. ಎರಡು ಅಂಕಿಗಳು ಸ್ಥಾನ ಬದಲಿಸಿದಾಗ ವ್ಯತ್ಯಾಸ ಯಾವಾಗಲೂ 9ರ ಗುಣಕವೇ ಆಗಿರುತ್ತದೆ ಎಂಬುದು ಸರಳ ಗಣಿತ. ಆದರೂ ಅದನ್ನು ಯಾವ ತರಗತಿಯಲ್ಲೂ ನನಗೆ ಯಾರೂ ಹೇಳಿರಲಿಲ್ಲ.

ಈ ಆಯ್ಕೆಯ ದೌರ್ಬಲ್ಯ ಇರುವುದು ಮೇಲ್ವಿಚಾರಣೆಯಲ್ಲೇ. ಕಂಪನಿಯಲ್ಲಿ ಇಂಟರ್ನ್‌ನ ಕೆಲಸವನ್ನು ಮರುಪರಿಶೀಲಿಸಲೇಬೇಕೆಂಬ ಕಟ್ಟಳೆ ಇಲ್ಲ. ಎಲ್ಲವೂ ಮೇಲಿರುವವರ ಮನಸ್ಸು ಮತ್ತು ಬಿಡುವಿನ ಮೇಲೆ ನಿಂತಿರುತ್ತದೆ. ಮೊದಲ ಕೆಲವು ವಾರ ನನ್ನಿಂದ ಹಳೆಯ ಬಿಲ್‌ಗಳನ್ನು ಸ್ಕ್ಯಾನ್ ಮಾಡಿಸಿ ಕಡತಕ್ಕೆ ಹಾಕಿಸುವುದನ್ನು ಬಿಟ್ಟು ಬೇರೇನೂ ಮಾಡಿಸಲಿಲ್ಲ. ಆಗ ನೆರವಿಗೆ ಬಂದದ್ದು ಕಲಿಕಾ ಒಪ್ಪಂದ. ತಿಂಗಳ ಮುಕ್ತಾಯದ ಕೆಲಸದಲ್ಲಿ ಭಾಗವಹಿಸುವುದು, ಬ್ಯಾಂಕ್ ತಾಳೆಪಟ್ಟಿ ಸಿದ್ಧಪಡಿಸುವುದು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದರಿಂದ, ಕಾಲೇಜಿನ ಮಾರ್ಗದರ್ಶಕರು ಆ ಸಾಲುಗಳನ್ನೇ ಉಲ್ಲೇಖಿಸಿ ವಿಭಾಗದ ಮುಖ್ಯಸ್ಥರಿಗೆ ಪತ್ರ ಬರೆದರು, ಮುಂದಿನ ವಾರವೇ ಕೆಲಸ ಬದಲಾಯಿತು. ಒಪ್ಪಂದದಲ್ಲಿ "ಲೆಕ್ಕ ವಿಭಾಗದ ಕೆಲಸಗಳಲ್ಲಿ ನೆರವಾಗುವುದು" ಎಂದಷ್ಟೇ ಇದ್ದಿದ್ದರೆ ಸ್ಕ್ಯಾನ್ ಮಾಡುವುದೂ ಆ ಮಾತಿಗೆ ಹೊಂದುತ್ತಿತ್ತು, ಆಕ್ಷೇಪಿಸಲು ಆಧಾರವೇ ಇರುತ್ತಿರಲಿಲ್ಲ.

ಸಮಯದ ಜೋಡಣೆಯ ವಿಷಯದಲ್ಲೂ ಎರಡೂ ಬೇರೆಬೇರೆ. ಓದು ಮತ್ತು ಉದ್ಯೋಗವನ್ನು ಹೆಣೆಯುವ ಸಹಕಾರಿ ಶಿಕ್ಷಣದ ಪ್ರಯೋಗ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ 1906ರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಆರಂಭವಾದಾಗ ಓದು ಮತ್ತು ಕೆಲಸ ಸರದಿಯಲ್ಲಿ ಬರುತ್ತಿದ್ದವು. ಪೂರ್ಣಾವಧಿ ಆಡಿಟ್ ಇಂಟರ್ನ್‌ಶಿಪ್ ಆ ಮಾದರಿಗೆ ಹತ್ತಿರ: ಏಕಾಗ್ರತೆ ಸಿಗುತ್ತದೆ, ಗಂಟೆಗಳು ಬೇಗ ತುಂಬುತ್ತವೆ, ಆದರೆ ಸಂದೇಹ ಬಂದಾಗ ಅಧ್ಯಾಪಕರು ಹತ್ತಿರದಲ್ಲಿ ಇರುವುದಿಲ್ಲ. ಅರೆಕಾಲಿಕ ಕೆಲಸದಲ್ಲಿ ಅಧ್ಯಾಪಕರು ಸಿಗುತ್ತಾರೆ. ಆದರೆ ತಿಂಗಳ ಕೊನೆಯ ಮುಕ್ತಾಯವೂ ಆಂತರಿಕ ಪರೀಕ್ಷೆಯೂ ಒಂದೇ ವಾರಕ್ಕೆ ಬಿದ್ದಾಗ ದೇಹಕ್ಕೂ ಮನಸ್ಸಿಗೂ ನಿಜವಾಗಿ ಭಾರವಾಗುತ್ತದೆ.

ವರದಿ ಬರೆಯುವಾಗ ಎದುರಾಗುವ ಗೋಪ್ಯತೆಯ ಪ್ರಶ್ನೆಯನ್ನು ಹಲವರು ಮೊದಲೇ ಯೋಚಿಸುವುದಿಲ್ಲ. ಆಡಿಟ್‌ನ ಕಾರ್ಯಪತ್ರಗಳು ಸಂಸ್ಥೆಯ ಸ್ವತ್ತು, ಅದರಲ್ಲಿರುವ ಮಾಹಿತಿ ಗ್ರಾಹಕನದ್ದು. ಒಂದು ಪುಟವನ್ನೂ ಹೊರಗೆ ತರುವಂತಿಲ್ಲ. ಆದ್ದರಿಂದ ನಾನು ಗ್ರಾಹಕನ ಹೆಸರು, ಉದ್ಯಮ, ಮೊತ್ತ ಯಾವುದನ್ನೂ ಬರೆಯದೆ, ಕೆಲಸದ ವಿಧಾನವನ್ನು ಮಾತ್ರ ಕಾಲ್ಪನಿಕ ಅಂಕಿಗಳಲ್ಲಿ ವಿವರಿಸಿ, ಮೇಲ್ವಿಚಾರಕರಿಗೆ ಮೊದಲು ತೋರಿಸಿ ಒಪ್ಪಿಗೆ ಪಡೆದು ಸಲ್ಲಿಸಿದೆ. ಕಂಪನಿಯಲ್ಲೂ ಗೋಪ್ಯತೆ ಇದೆ. ಆದರೆ ಅಲ್ಲಿ ಒಪ್ಪಿಗೆ ಕೊಡಬೇಕಾದವರು ಒಬ್ಬರೇ ಆದ್ದರಿಂದ, ಹೆಸರು ತೆಗೆದ ಮಾದರಿ ನಮೂನೆಗಳನ್ನು ಅನುಬಂಧವಾಗಿ ಸೇರಿಸಲು ಅನುಮತಿ ಸುಲಭವಾಗಿ ಸಿಕ್ಕಿತು, ವರದಿಯೂ ಹೆಚ್ಚು ಗಟ್ಟಿಯಾಯಿತು.

ಕಾಲ್ಪನಿಕ ಕಂಪನಿಯ ಲೆಕ್ಕದ ಮೇಲೆ ಅಭ್ಯಾಸ ಮಾಡಿಸುವ ಆನ್‌ಲೈನ್ ಅನುಕರಣ ಯೋಜನೆ ಎಂಬ ಮೂರನೆಯ ಆಯ್ಕೆಯನ್ನೂ ಸ್ವಲ್ಪ ನೋಡಿದ್ದೇನೆ. ಅಲ್ಲಿ ತಪ್ಪುಗಳನ್ನು ಮೊದಲೇ ಹೂತಿಟ್ಟಿರುತ್ತಾರೆ, ಉತ್ತರವೂ ಸಿದ್ಧವಿರುತ್ತದೆ. ಕಾಣೆಯಾದ ಬಿಲ್‌ಗಾಗಿ ಯಾರನ್ನೂ ಫೋನಿನಲ್ಲಿ ಕೇಳಬೇಕಾಗಿ ಬರುವುದಿಲ್ಲ. ಬೇರೆ ದಾರಿಯೇ ಇಲ್ಲದವರಿಗೆ ಅದು ಸರಿ.

ನನ್ನ ತೀರ್ಮಾನ ಹೀಗಿದೆ. ಎರಡಕ್ಕೂ ಅವಕಾಶವಿದ್ದರೆ ಮೊದಲು ಕಂಪನಿ, ನಂತರ ಆಡಿಟ್. ನಮೂದು ಹೇಗೆ ಹುಟ್ಟುತ್ತದೆ ಎಂದು ತಿಳಿದವರಿಗೆ ಅದು ಎಲ್ಲಿ ತಪ್ಪಬಹುದು ಎಂಬುದು ಬೇಗ ಹೊಳೆಯುತ್ತದೆ. ನಾನು ಮಾಡಿದ್ದು ಇದಕ್ಕೆ ವಿರುದ್ಧ ಕ್ರಮದಲ್ಲಿ. ಎರಡನ್ನೂ ಮುಗಿಸಿದ ಮೇಲೆ ಈ ಅಭಿಪ್ರಾಯ ಗಟ್ಟಿಯಾಗಿದೆ. ಒಂದಕ್ಕೆ ಮಾತ್ರ ಅವಕಾಶವಿದ್ದು, ಕಂಪನಿಯವರು ಕನಿಷ್ಠ ಎರಡು ತಿಂಗಳ ಮುಕ್ತಾಯದಲ್ಲಿ ಭಾಗವಹಿಸಲು ಬಿಡುತ್ತೇವೆಂದೂ ವಾರಕ್ಕೊಮ್ಮೆ ಇಂಥವರೇ ಕೆಲಸ ನೋಡುತ್ತಾರೆಂದೂ ಬರೆದುಕೊಟ್ಟರೆ ಕಂಪನಿಯನ್ನೇ ಆರಿಸಿಕೊಳ್ಳಿ. ಎರಡು ತಿಂಗಳು ಏಕೆಂದರೆ ಮೊದಲ ತಿಂಗಳು ಬರೆದ ಬಾಕಿ ಖರ್ಚು ಎರಡನೆಯ ತಿಂಗಳಲ್ಲಿ ತಿರುಗಿದಾಗ ಮಾತ್ರ ಅಂದಾಜಿನ ಗುಣ ತಿಳಿಯುತ್ತದೆ. ಹಾಗೆ ಬರೆದುಕೊಡಲು ಹಿಂಜರಿದರೆ ಮರುಪರಿಶೀಲನೆ ಕಡ್ಡಾಯವಿರುವ ಆಡಿಟ್ ಸಂಸ್ಥೆಯೇ ಮೇಲು. ವೃತ್ತಿಪರ ಪರೀಕ್ಷೆಗಳಿಗೆ ಬೇಕಾದ ಪ್ರಾಯೋಗಿಕ ಅನುಭವ ಕಾಲೇಜಿನ ಕ್ರೆಡಿಟ್‌ಗಿಂತ ಬೇರೆಯೇ ಲೆಕ್ಕ. ಈ ಅವಧಿ ಅದಕ್ಕೂ ಸೇರುತ್ತದೆಯೇ ಎಂದು ಇಂಟರ್ನ್‌ಶಿಪ್‌ಗೆ ಸೇರುವ ಮೊದಲೇ ಸಂಬಂಧಪಟ್ಟ ವೃತ್ತಿಸಂಸ್ಥೆಯಲ್ಲಿ ವಿಚಾರಿಸಿ, ಮೇಲ್ವಿಚಾರಕರ ಸಹಿಯಿರುವ ಗಂಟೆಗಳ ದಾಖಲೆಯ ಒಂದು ಪ್ರತಿಯನ್ನು ನಿಮ್ಮ ಬಳಿಯೂ ಇಟ್ಟುಕೊಳ್ಳಿ.